ಹವಾನಾದ ಸೊಳ್ಳೆ ಮತ್ತು ಐದನೆಯ ಕಲಮು

1900ರಲ್ಲಿ ಹವಾನಾ ನಗರದಲ್ಲಿ ಹಳದಿ ಜ್ವರಕ್ಕೆ 310 ಜನ ಸತ್ತರು. ಮರುವರ್ಷ ಸತ್ತವರು 18 ಮಂದಿ. 1902ರಲ್ಲಿ ಒಬ್ಬರೂ ಇಲ್ಲ. ಇಷ್ಟು ಬೇಗ ಕೈಗೆ ಸಿಕ್ಕ ಗೆಲುವು ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಅಪರೂಪ. ಆಗ ಕ್ಯೂಬಾವನ್ನು ಆಳುತ್ತಿದ್ದುದು ಅಮೆರಿಕದ ಸೈನ್ಯ. ಸ್ಪೇನ್ ಸೋತು ಹೊರಟ ಮೇಲೆ 1899ರ ಜನವರಿ 1ರಿಂದ ದ್ವೀಪ ಅದರ ಕೈಯಲ್ಲಿತ್ತು. ಪರಕೀಯ ಆಳ್ವಿಕೆ ಕೊಟ್ಟ ವರವೆಂದು ಈ ಗೆಲುವನ್ನು ಹೊಗಳುವ ಬರಹಗಳನ್ನು ಓದಿದಾಗಲೆಲ್ಲ ನನಗೆ ಕಾಡುವ ಪ್ರಶ್ನೆ ಒಂದೇ: ಹವಾನಾದ ಜನರನ್ನು ಕೊಲ್ಲುತ್ತಿದ್ದ ಅಷ್ಟು ರೋಗಗಳಲ್ಲಿ ಇದೊಂದನ್ನೇ ಇಷ್ಟು ಹಟದಿಂದ ಬೆನ್ನು ಹತ್ತಿದ್ದು ಯಾಕೆ?

ಕೆಲಸದ ಬಗ್ಗೆ ನನಗೆ ತಕರಾರಿಲ್ಲ. ನಗರದ ಆರೋಗ್ಯದ ಹೊಣೆ ಹೊತ್ತಿದ್ದ ಸೇನಾ ವೈದ್ಯ ವಿಲಿಯಂ ಗೋರ್ಗಸ್ ಮೊದಲು ಕೊಳಕೇ ಜ್ವರದ ಮೂಲವೆಂದು ನಂಬಿ ಬೀದಿಗಳನ್ನೆಲ್ಲ ಗುಡಿಸಿ ತೊಳೆಸಿದ. ಊರು ಸ್ವಚ್ಛವಾಯಿತು, ಜ್ವರ ಹೋಗಲಿಲ್ಲ. ಸ್ಪೇನಿನಿಂದ ಹೊಸದಾಗಿ ಬಂದಿಳಿದ ವಲಸಿಗರಲ್ಲಿ ಅದು ಇನ್ನಷ್ಟು ಹಬ್ಬಿತು. ಸೊಳ್ಳೆಯೇ ಈ ಜ್ವರವನ್ನು ಒಯ್ಯುತ್ತದೆಂದು ಕ್ಯೂಬಾದವರೇ ಆದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು. ಹತ್ತೊಂಬತ್ತು ವರ್ಷ ಅವರ ಮಾತಿಗೆ ಬೆಲೆ ಸಿಕ್ಕಿರಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಸೇನಾ ಆಯೋಗ ಬಂದಾಗ ಪ್ರಯೋಗಕ್ಕೆ ಸೊಳ್ಳೆಯ ಮೊಟ್ಟೆಗಳನ್ನು ಕೊಟ್ಟವರೂ ಫಿನ್ಲೆಯವರೇ. ಆಯೋಗದ ಸದಸ್ಯ ಜೆಸ್ಸಿ ಲೇಝಿಯರ್ ಅದೇ ಸೆಪ್ಟೆಂಬರಿನಲ್ಲಿ ಹಳದಿ ಜ್ವರದಿಂದ ತೀರಿಕೊಂಡರು. ರೋಗಿಯ ಬಟ್ಟೆ, ಹಾಸಿಗೆಯಿಂದ ಜ್ವರ ಅಂಟದು, ಸೊಳ್ಳೆಯ ಕಡಿತದಿಂದ ಅಂಟುತ್ತದೆ ಎಂಬುದು ಆ ಬಳಿಕದ ಪ್ರಯೋಗಗಳಲ್ಲಿ ಸ್ಥಿರಪಟ್ಟಿತು. 1901ರ ಮೊದಲ ತಿಂಗಳುಗಳಿಂದ ಗೋರ್ಗಸ್‌ನ ಜನ ಮನೆಮನೆಗೆ ಹೋಗಿ ನೀರಿನ ಪೀಪಾಯಿ ಮುಚ್ಚಿಸಿದರು, ನಿಂತ ನೀರಿಗೆ ಎಣ್ಣೆ ಸುರಿದರು, ರೋಗಿ ಮಲಗಿದ ಕೋಣೆಗೆ ಜಾಲರಿ ಕಟ್ಟಿದರು, ಸೊಳ್ಳೆಮರಿ ಕಂಡ ಮನೆಗೆ ದಂಡ ಹಾಕಿದರು. ಇಂದು ನಮ್ಮ ಮನೆಗಳ ಡ್ರಮ್ಮು, ತೊಟ್ಟಿಗಳನ್ನು ಬಗ್ಗಿ ನೋಡುವ ಆಶಾ ಕಾರ್ಯಕರ್ತೆಯರು ಹುಡುಕುವುದೂ ಅದೇ ಈಡಿಸ್ ಸೊಳ್ಳೆಯ ಮರಿಗಳನ್ನು. ಆ ವಿಧಾನಕ್ಕೆ ಇನ್ನೂ ಆಯುಸ್ಸಿದೆ.

ಪ್ರಯೋಗಕ್ಕೆ ಒಡ್ಡಿಕೊಂಡವರ ವಿಷಯ ಬೇರೆ. ಅವರಿಂದ ರೀಡ್ ಲಿಖಿತ ಒಪ್ಪಿಗೆ ಪಡೆದ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೆಂದು ವೈದ್ಯಕೀಯ ನೀತಿಶಾಸ್ತ್ರದವರು ಈಗಲೂ ನೆನೆಯುತ್ತಾರೆ. ನಾನೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಪ್ಪಂದದಲ್ಲಿ ಏನಿತ್ತೆಂದು ನೋಡಬೇಕು. ಪಾಲ್ಗೊಂಡರೆ ನೂರು ಡಾಲರ್ ಚಿನ್ನ, ಜ್ವರ ಬಂದರೆ ಇನ್ನೂ ನೂರು. ಈ ದ್ವೀಪದಲ್ಲಿದ್ದರೆ ಜ್ವರ ತಪ್ಪದು, ಹಾಗಿರುವಾಗ ಇಲ್ಲೇ ಒಳ್ಳೆಯ ಆರೈಕೆಯಲ್ಲಿ ಬರಿಸಿಕೊಳ್ಳುವುದು ಮೇಲು ಎಂಬ ಅರ್ಥದ ಮಾತು ಅದರಲ್ಲಿದೆ. ಕೆಳಗೆ ಸಹಿ ಹಾಕಿದವರು ಹಡಗಿಳಿದು ಕೂಲಿ ಹುಡುಕುತ್ತಿದ್ದ ಬಡ ಸ್ಪ್ಯಾನಿಷ್ ವಲಸಿಗರು. ಹೊಟ್ಟೆಪಾಡಿಗೆ ಬಂದವನ ಮುಂದೆ ಸೇನೆಯೊಂದು ಚಿನ್ನವಿಟ್ಟು ಕೇಳುವ ಒಪ್ಪಿಗೆ ಎಷ್ಟು ಸ್ವತಂತ್ರ? ಆ ಹಾಳೆಯನ್ನು ಆದರ್ಶವೆಂದು ಮೆರೆಸುವವರು ಇದಕ್ಕೆ ಉತ್ತರಿಸಬೇಕು.

ಇನ್ನು ಮೊದಲ ಪ್ರಶ್ನೆ. ಹವಾನಾದಲ್ಲೇ ಹುಟ್ಟಿ ಬೆಳೆದವರಿಗೆ ಹಳದಿ ಜ್ವರ ಹೆಚ್ಚಾಗಿ ಚಿಕ್ಕಂದಿನಲ್ಲೇ ಸೌಮ್ಯವಾಗಿ ಬಂದುಹೋಗಿ ಮತ್ತೆ ಬಾರದಂತೆ ಕಾಯುತ್ತಿತ್ತು. ಅದು ಕೊಲ್ಲುತ್ತಿದ್ದುದು ಹೊರಗಿನಿಂದ ಬಂದವರನ್ನು: ಸ್ಪೇನಿನ ವಲಸಿಗರನ್ನು, ಅಮೆರಿಕದ ಸೈನಿಕರನ್ನು. ಹಡಗೇರಿ ಅಮೆರಿಕದ ದಕ್ಷಿಣದ ಬಂದರುಗಳಿಗೂ ಅದು ಹೋಗುತ್ತಿತ್ತು. 1878ರಲ್ಲಿ ಮಿಸಿಸಿಪಿ ಕಣಿವೆಯಲ್ಲಿ ಸುಮಾರು 20,000 ಜನ ಸತ್ತಿದ್ದರು, ವ್ಯಾಪಾರ ನಿಂತೇಹೋಗಿತ್ತು. ಕ್ಯೂಬಾದವರನ್ನು ವರ್ಷ ವರ್ಷವೂ ಇದಕ್ಕಿಂತ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿದ್ದುದು ಕ್ಷಯ. ಕ್ಷಯ ಇಕ್ಕಟ್ಟಾದ ಮನೆಯ, ಅರೆಹೊಟ್ಟೆಯ ಕಾಯಿಲೆ. ಅದಕ್ಕೆ ಸೈನ್ಯದ ಹಣವೂ ಹುರುಪೂ ಆ ಪ್ರಮಾಣದಲ್ಲಿ ಹರಿಯಲಿಲ್ಲ. ಈ ಪ್ರಶ್ನೆಯನ್ನು ಪುಸ್ತಕವಾಗಿ ಬೆಳೆಸಿದ ಇತಿಹಾಸಕಾರ್ತಿ ಮರಿಯೋಲಾ ಎಸ್ಪಿನೋಸಾ ಅವರ ವಾದ ನನಗೆ ಪೂರ್ತಿ ಒಪ್ಪಿಗೆ.

ಇದು ಬರೀ ನನ್ನ ಸಂಶಯವೂ ಅಲ್ಲ. ಅಮೆರಿಕ 1901ರಲ್ಲಿ ತಂದ ಪ್ಲಾಟ್ ತಿದ್ದುಪಡಿಯ ಐದನೆಯ ಕಲಮಿನಲ್ಲಿ ಬರವಣಿಗೆಯಲ್ಲೇ ಇದೆ. ಸೈನ್ಯ ಹೊರಡಬೇಕಾದರೆ ಕ್ಯೂಬಾ ಒಪ್ಪಬೇಕಿದ್ದ ಷರತ್ತುಗಳಲ್ಲಿ ನಗರ ನೈರ್ಮಲ್ಯವೂ ಒಂದು. ಕಾರಣವಾಗಿ ಕ್ಯೂಬಾದ ಜನ ಮತ್ತು ವ್ಯಾಪಾರದ ಜೊತೆಗೆ ಅಮೆರಿಕದ ದಕ್ಷಿಣದ ಬಂದರುಗಳ ವ್ಯಾಪಾರ, ಅಲ್ಲಿನ ಜನರ ರಕ್ಷಣೆಯನ್ನೂ ಹೆಸರಿಸಲಾಗಿತ್ತು. ಒಂದು ದೇಶದ ಚರಂಡಿ ಇನ್ನೊಂದು ದೇಶದ ಹಕ್ಕಾಯಿತು. ಅದೇ ತಿದ್ದುಪಡಿ ಅಮೆರಿಕಕ್ಕೆ ಮಧ್ಯಪ್ರವೇಶದ ಅಧಿಕಾರವನ್ನೂ ಕೊಟ್ಟಿತ್ತು. 1902ರಲ್ಲಿ ಸೈನ್ಯ ಹೊರಟಾಗ ಸ್ವತಂತ್ರ ಕ್ಯೂಬಾದ ನೈರ್ಮಲ್ಯದ ಮುಖ್ಯಸ್ಥರಾದವರು ಅದೇ ಫಿನ್ಲೆ. ಸೊಳ್ಳೆಯ ಗುಟ್ಟು ಹೇಳಿಕೊಟ್ಟ ವೃದ್ಧ ವೈದ್ಯರೇ ಊರು ನೋಡಿಕೊಳ್ಳುತ್ತಿದ್ದಾಗಲೂ ಕ್ಯೂಬಾ ತನ್ನನ್ನು ತಾನು ಶುಚಿಯಾಗಿಟ್ಟುಕೊಳ್ಳಲಾರದು ಎಂಬ ದೂರು ವಾಷಿಂಗ್ಟನ್ನಿನಿಂದ ಬರುತ್ತಲೇ ಇತ್ತು. ಇದು ವೈದ್ಯರಾಡಿದ ಮಾತಲ್ಲ, ಯಜಮಾನರಾಡಿದ ಮಾತು.

1905ರಲ್ಲಿ ಫಿನ್ಲೆ ಹೆಸರನ್ನು ನೊಬೆಲ್ ಬಹುಮಾನಕ್ಕೆ ಸೂಚಿಸಿದವರು ಸಿಕಂದರಾಬಾದಿನಲ್ಲಿ ಮಲೇರಿಯಾ ಸೊಳ್ಳೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್. ಬಹುಮಾನ ಬರಲಿಲ್ಲ. ಫಿನ್ಲೆ 1915ರಲ್ಲಿ ಹವಾನಾದಲ್ಲಿ ತೀರಿಕೊಂಡಾಗಲೂ ಐದನೆಯ ಕಲಮು ಜಾರಿಯಲ್ಲಿತ್ತು. ಅದು ರದ್ದಾದದ್ದು 1934ರಲ್ಲಿ.