ತಟ್ಟುವ ಕೈ, ಬೇಯಿಸುವ ಹಂಚು

ಪ್ರೊಸೆಸರಿನ ಹೆಸರನ್ನು ಒಂದು ಖಾನೆಯಲ್ಲಿ, ಗ್ರಾಫಿಕ್ಸ್ ಕಾರ್ಡಿನ ಹೆಸರನ್ನು ಇನ್ನೊಂದರಲ್ಲಿ ತುಂಬಿದರೆ ‘ಈ ಜೋಡಿಯಲ್ಲಿ ಇಷ್ಟು ಶೇಕಡಾ ಬಾಟಲ್‌ನೆಕ್ ಇದೆ’ ಎಂದು ತೀರ್ಪು ಕೊಡುವ ಕ್ಯಾಲ್ಕ್ಯುಲೇಟರುಗಳಿಗೆ ಗೇಮಿಂಗ್ ಪಿಸಿ ಕಟ್ಟಿಸುವವರ ನಡುವೆ ಇಲ್ಲದ ಬೆಲೆ ಬಂದಿದೆ. ಕೆಲವು ರೆಸಲ್ಯೂಷನ್ ಯಾವುದೆಂದು ಕೇಳುತ್ತವೆ, ಹೆಚ್ಚೆಂದರೆ ಆಟದ ಹೆಸರು ಕೇಳುತ್ತವೆ. ಆದರೆ ಒಂದೇ ಯಂತ್ರ ‘ಸೈಬರ್‌ಪಂಕ್ 2077’ ಅನ್ನು ರೇ ಟ್ರೇಸಿಂಗ್ ಹಾಕಿ 4ಕೆಯಲ್ಲಿ ಓಡಿಸುವಾಗ ಕಾರ್ಡು ಏದುಸಿರು ಬಿಡುತ್ತದೆ, ಪ್ರೊಸೆಸರ್ ಆರಾಮವಾಗಿರುತ್ತದೆ. ‘ಕೌಂಟರ್-ಸ್ಟ್ರೈಕ್ 2’ ಅನ್ನು 1280×960ರಲ್ಲಿ ಓಡಿಸುವಾಗ ಎಲ್ಲ ತಿರುಗುಮುರುಗಾಗುತ್ತದೆ. 4ಕೆಯಲ್ಲಿ ಪ್ರತಿ ಫ್ರೇಮಿಗೆ 82,94,400 ಪಿಕ್ಸೆಲ್ ಬಣ್ಣ ಹಚ್ಚಬೇಕು, ಇಲ್ಲಿ 12,28,800 ಸಾಕು. ಹಾಗಾಗಿ ಆ ಶೇಕಡಾ ಜೋಡಿಯ ಗುಣವೇ ಅಲ್ಲ. ಇಷ್ಟನ್ನು ತಿಳಿದವರು ಹೇಳಿ ಮುಗಿಸಿದ್ದಾರೆ, ನಾನು ಮತ್ತೆ ಹೇಳುವ ಅಗತ್ಯವಿಲ್ಲ. ನನ್ನ ತಕರಾರು ಇರುವುದು ಕ್ಯಾಲ್ಕ್ಯುಲೇಟರಿನ ಕೆಳಗಿರುವ ನಂಬಿಕೆಯ ಮೇಲೆ. ಕ್ಯಾಲ್ಕ್ಯುಲೇಟರನ್ನು ಹಳಿಯುವ ವಿಮರ್ಶಕರೂ ಆ ನಂಬಿಕೆಯನ್ನು ಬಿಟ್ಟಿಲ್ಲ. ಎರಡೂ ಸಮಬಲದವಾಗಿರಬೇಕು, ಕಾರ್ಡು ಸದಾ ಶೇ 99ರಷ್ಟು ದುಡಿಯುತ್ತಿದ್ದರೆ ಅದೇ ಆರೋಗ್ಯವಂತ ಪಿಸಿ ಎಂಬ ನಂಬಿಕೆ ಅದು. ಸ್ಪರ್ಧೆಯ ಆಟಕ್ಕೆ ಈ ಮಾತು ತಪ್ಪು. ಅಲ್ಲಿ ಬೇಕಾದ ಜೋಡಿಯಲ್ಲಿ ಸಮತೋಲನ ಇರುವುದಿಲ್ಲ, ಇರಲೂಬಾರದು.

ಜೋಡೆತ್ತಿನ ಹೋಲಿಕೆ ನಮ್ಮನ್ನು ದಾರಿ ತಪ್ಪಿಸಿದೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಒಂದೇ ಕೆಲಸವನ್ನು ಒಟ್ಟಿಗೆ ಎಳೆಯುತ್ತವೆ, ಅಲ್ಲಿ ಸಮಬಲ ಬೇಕು. ಪ್ರೊಸೆಸರೂ ಕಾರ್ಡೂ ಮಾಡುವುದು ಒಂದರ ಹಿಂದೆ ಒಂದು ಬರುವ ಬೇರೆಬೇರೆ ಕೆಲಸ. ರೊಟ್ಟಿ ತಟ್ಟುವವರು ಒಬ್ಬರು, ಹಂಚಿನ ಮುಂದೆ ಕೂತು ಬೇಯಿಸುವವರು ಇನ್ನೊಬ್ಬರು ಎಂದುಕೊಂಡರೆ ಚಿತ್ರ ಸರಿಯಾಗುತ್ತದೆ. ಪ್ರೊಸೆಸರ್ ಮೌಸ್ ಎಲ್ಲಿದೆ ಎಂದು ನೋಡಿ, ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎಲ್ಲಿ ಹೋಯಿತು ಎಂಬ ಲೆಕ್ಕ ಮುಗಿಸಿ, ಏನೇನು ಚಿತ್ರಿಸಬೇಕೆಂಬ ಪಟ್ಟಿಯನ್ನು ಕಾರ್ಡಿಗೆ ದಾಟಿಸುತ್ತದೆ. ಕಾರ್ಡು ಅದನ್ನು ಚಿತ್ರವಾಗಿಸುತ್ತದೆ. ತಟ್ಟುವವರ ಕೈ ಚುರುಕಾಗಿದ್ದು ಹಂಚು ನಿಧಾನವಾದರೆ ತಟ್ಟಿದ ರೊಟ್ಟಿಗಳು ಪಕ್ಕದಲ್ಲಿ ಪೇರಿಕೊಳ್ಳುತ್ತವೆ. ತಟ್ಟೆಗೆ ಬೀಳುವ ರೊಟ್ಟಿ ಯಾವಾಗಲೋ ತಟ್ಟಿದ್ದಾಗಿರುತ್ತದೆ. ಹಂಚು ಬಿಡುವಾಗಿದ್ದರೆ ತಟ್ಟಿದ್ದು ತಟ್ಟಿದ ಕೂಡಲೇ ಬೇಯುತ್ತದೆ. ಗಂಟೆಗೆ ಎಷ್ಟು ರೊಟ್ಟಿಯಾಯಿತು ಎಂದಷ್ಟೇ ಎಣಿಸುವವರಿಗೆ ಎರಡು ಅಡುಗೆಮನೆಗಳೂ ಒಂದೇ ಥರ ಕಾಣುತ್ತವೆ.

ಈ ಪೇರಿಕೆಯನ್ನು ಮಿಲಿಸೆಕೆಂಡುಗಳಲ್ಲಿ ನೋಡೋಣ, ವಾದದ ಹುರುಳೆಲ್ಲ ಅಲ್ಲಿದೆ. ಮೊದಲ ಯಂತ್ರದಲ್ಲಿ ಒಂದು ಫ್ರೇಮಿಗೆ ಪ್ರೊಸೆಸರ್ 4 ಮಿಲಿಸೆಕೆಂಡ್, ಕಾರ್ಡು 6 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎನ್ನಿ. ಎರಡನೆಯದರಲ್ಲಿ ಇದು ಉಲ್ಟಾ: ಪ್ರೊಸೆಸರಿಗೆ 6, ಕಾರ್ಡಿಗೆ 4. ನಿಧಾನದವರು ಯಾರೇ ಇರಲಿ, ಎರಡರಲ್ಲೂ 6 ಮಿಲಿಸೆಕೆಂಡಿಗೊಂದು ಫ್ರೇಮ್ ಹೊರಬರುತ್ತದೆ. ಪರದೆಯ ಮೂಲೆಯ ಮೀಟರ್ ಎರಡರಲ್ಲೂ ಸೆಕೆಂಡಿಗೆ ಸುಮಾರು 166 ಫ್ರೇಮ್, ಅಂದರೆ 166 ಎಫ್‌ಪಿಎಸ್ ತೋರಿಸುತ್ತದೆ. ಶೇಕಡಾ ಲೆಕ್ಕದವರು ಒಂದಕ್ಕೆ ‘ಕಾರ್ಡಿನ ಬಾಟಲ್‌ನೆಕ್’, ಇನ್ನೊಂದಕ್ಕೆ ‘ಪ್ರೊಸೆಸರಿನ ಬಾಟಲ್‌ನೆಕ್’ ಎಂದು ಹೆಸರಿಟ್ಟು, ಎರಡನೆಯದನ್ನೇ ದೊಡ್ಡ ಕಾಯಿಲೆಯೆಂದು ಹೇಳುತ್ತಾರೆ. ಈಗ ಕೈ ಅಲುಗಿದ ಗಳಿಗೆಯಿಂದ ಚಿತ್ರ ಸಿದ್ಧವಾಗುವ ತನಕ ಎಷ್ಟು ಹೊತ್ತು ಎಂದು ಕೇಳಿ. ಎರಡನೆಯ ಯಂತ್ರದಲ್ಲಿ ಲೆಕ್ಕ ಸರಳ: 6 ಮತ್ತು 4 ಕೂಡಿ 10. ಮೊದಲನೆಯದರಲ್ಲಿ ಹಾಗಲ್ಲ. ಪ್ರೊಸೆಸರ್ ತನ್ನ ಪಟ್ಟಿಯನ್ನು ಬೇಗ ಮುಗಿಸಿ ಮುಂದಿನದಕ್ಕೆ ಕೈಹಾಕುತ್ತದೆ, ಕಾರ್ಡು ಇನ್ನೂ ಹಿಂದಿನದರಲ್ಲೇ ಇರುತ್ತದೆ, ಸರದಿ ಬೆಳೆಯುತ್ತದೆ. ವಿಂಡೋಸಿನ ಡೈರೆಕ್ಟ್‌ಎಕ್ಸ್ ವ್ಯವಸ್ಥೆಯಲ್ಲಿ ಹೀಗೆ ಮುಂದಾಗಿ ಸಿದ್ಧಪಡಿಸಿಡಬಹುದಾದ ಫ್ರೇಮುಗಳ ಮಿತಿ, ಬೇರೆ ಸೂಚನೆ ಇಲ್ಲದಿದ್ದರೆ, 3. ಸರದಿ ತುಂಬಿದಾಗ ಮೌಸ್ ನೋಡಿದ ಕ್ಷಣದಿಂದ ಚಿತ್ರ ಮುಗಿಯುವ ಹೊತ್ತು ಹೆಚ್ಚುಕಡಿಮೆ ಮೂರು ಬೇಯಿಸುವಿಕೆಗಳಷ್ಟು, ಅಂದರೆ 18 ಮಿಲಿಸೆಕೆಂಡ್. ಮೀಟರಿನ ಅಂಕಿ ಒಂದೇ, ಕೈಗೆ ತಟ್ಟುವ ವಿಳಂಬ ಮಾತ್ರ ಸುಮಾರು ಎರಡು ಪಟ್ಟು. ಮೌಸಿನ, ಮಾನಿಟರಿನ ವಿಳಂಬಗಳು ಇವುಗಳ ಮೇಲೆ ಬೇರೆ ಇವೆ. ಅವು ಎರಡಕ್ಕೂ ಸಮಾನವಾದ್ದರಿಂದ ಬಿಟ್ಟಿದ್ದೇನೆ. ಇನ್ನೊಂದು ಹೆಜ್ಜೆ ಇಡೋಣ. ಮೊದಲ ಯಂತ್ರದಲ್ಲಿ ಆಟದ ಒಳಗಿನ ಸೆಟ್ಟಿಂಗಿನಿಂದಲೇ 150 ಎಫ್‌ಪಿಎಸ್ ಮಿತಿ ಹಾಕಿದರೆ ಪ್ರತಿ ಫ್ರೇಮಿಗೆ 6.67 ಮಿಲಿಸೆಕೆಂಡ್ ಸಿಗುತ್ತದೆ. ಕಾರ್ಡಿಗೆ ಬೇಕಿರುವುದು 6, ಹಾಗಾಗಿ ಸರದಿ ಕರಗುತ್ತದೆ, ವಿಳಂಬ 10ರ ಹತ್ತಿರಕ್ಕೆ ಇಳಿಯುತ್ತದೆ. ಮೀಟರಿನಲ್ಲಿ 16 ಕಳೆದುಕೊಂಡ ಯಂತ್ರ ಕೈಗೆ ಹೆಚ್ಚು ಚುರುಕಾಯಿತು. ಕಾರ್ಡಿನ ದುಡಿಮೆ ಶೇ 99ರಿಂದ 90ಕ್ಕೆ ಇಳಿದದ್ದೇ ಇದಕ್ಕೆ ಕಾರಣ. ‘ಆರೋಗ್ಯ’ ಎಂದು ಹೇಳುತ್ತಿದ್ದದ್ದು ಇಲ್ಲಿ ಕಾಯಿಲೆಯ ಲಕ್ಷಣವಾಗಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು: ಸರದಿಯ ಸಮಸ್ಯೆಯನ್ನು ತಂತ್ರಾಂಶ ಬಗೆಹರಿಸಿಯಾಗಿದೆ ಎಂಬುದು. ಎನ್‌ವಿಡಿಯಾ 2020ರ ಸೆಪ್ಟೆಂಬರಿನಲ್ಲಿ ರಿಫ್ಲೆಕ್ಸ್ ತಂದಿತು. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2ರಂಥ ಆಟಗಳಲ್ಲಿ ಅದು ಇದೆ. ಎಎಂಡಿಯ ದಾರಿ ಕಷ್ಟದ್ದಾಯಿತು. ಅದರ ಆ್ಯಂಟಿ-ಲ್ಯಾಗ್ ಪ್ಲಸ್ ಆಟದ ಕಡತಗಳ ಒಳಗೆ ಡ್ರೈವರಿನ ಮೂಲಕ ಕೈಹಾಕುತ್ತಿದ್ದುದರಿಂದ 2023ರ ಅಕ್ಟೋಬರಿನಲ್ಲಿ ಕೌಂಟರ್-ಸ್ಟ್ರೈಕ್ 2 ಆಡುವ ಕೆಲವರು ಮೋಸಗಾರರೆಂದು ನಿಷೇಧಕ್ಕೊಳಗಾದರು, ಕಂಪನಿ ಅದನ್ನು ಹಿಂತೆಗೆದುಕೊಂಡಿತು. 2024ರಲ್ಲಿ ಬಂದ ಆ್ಯಂಟಿ-ಲ್ಯಾಗ್ 2 ಆಟದವರ ಒಪ್ಪಿಗೆಯಿಂದ ಆಟದೊಳಗೇ ಸೇರಿತು. ಇವು ನಿಜಕ್ಕೂ ಕೆಲಸ ಮಾಡುತ್ತವೆ. ಆದರೆ ಹೇಗೆ ಮಾಡುತ್ತವೆ ಎಂಬುದನ್ನು ಗಮನಿಸಬೇಕು. ಪ್ರೊಸೆಸರನ್ನು ಬೇಕೆಂದೇ ಕಾಯಿಸಿ, ಕಾರ್ಡು ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಮೌಸ್ ನೋಡುವಂತೆ ಮಾಡುವುದೇ ಅವುಗಳ ಉಪಾಯ. ಅಂದರೆ ಒಂದು ಭಾಗ ಬಿಡುವಾಗಿದ್ದರೆ ಮಾತ್ರ ಆಟ ಚುರುಕು ಎಂಬುದನ್ನು ಅವು ಒಪ್ಪಿಕೊಂಡೇ ಹುಟ್ಟಿವೆ. ಅವು ಸರದಿಯನ್ನು ಕರಗಿಸುತ್ತವೆ, ಬೇಯಿಸುವ 6 ಮಿಲಿಸೆಕೆಂಡನ್ನು 3 ಮಾಡಲಾರವು. ಅದಕ್ಕೆ ಕಾರ್ಡಿನಲ್ಲಿ ಮಿಗುವ ಶಕ್ತಿಯೇ ಬೇಕು, ಇಲ್ಲವೇ ಸೆಟ್ಟಿಂಗ್ ಇಳಿಸಬೇಕು. ವೃತ್ತಿಪರ ಆಟಗಾರರಲ್ಲಿ ಅನೇಕರು ದುಬಾರಿ ಕಾರ್ಡು ಇದ್ದೂ 1280×960ರಲ್ಲಿ ಆಡುವುದನ್ನು ಹಳೆಯ ಚಾಳಿಯೆಂದು ತಳ್ಳಿಹಾಕುವವರು ಈ ಲೆಕ್ಕವನ್ನೊಮ್ಮೆ ನೋಡಲಿ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಪ್ರೊಸೆಸರ್ ಹಿಂದೆ ಬಿದ್ದರೆ ಆಟ ಎಡವುತ್ತದೆ, ಸ್ಟಟರ್ ಬರುತ್ತದೆ ಎನ್ನುತ್ತಾರೆ. ನಿಜ. ಕಾರ್ಡಿನ ಕೆಲಸ ಫ್ರೇಮಿನಿಂದ ಫ್ರೇಮಿಗೆ ಹೆಚ್ಚು ಬದಲಾಗುವುದಿಲ್ಲ, ಪ್ರೊಸೆಸರಿನದು ಹಾಗಲ್ಲ. ಹತ್ತು ಜನ ಒಂದೇ ಮೂಲೆಗೆ ನುಗ್ಗಿ ಹೊಗೆ, ಬೆಂಕಿ, ಗುಂಡು ಒಟ್ಟಿಗೆ ಬಿದ್ದಾಗ 4 ಮಿಲಿಸೆಕೆಂಡಿನ ಕೆಲಸ 9 ಆಗುತ್ತದೆ, ಅದೂ ಗೆಲುವು ಸೋಲು ತೀರ್ಮಾನವಾಗುವ ಗಳಿಗೆಯಲ್ಲೇ. ಖಾಲಿ ಮ್ಯಾಪಿನಲ್ಲಿ ಸುತ್ತಾಡಿ ಅಳೆದ ಸರಾಸರಿ ಇದನ್ನು ಮುಚ್ಚಿಡುತ್ತದೆ. ಸೆಕೆಂಡಿನ ಸರಾಸರಿ ಸೆಕೆಂಡಿನ ಒಳಗೆ ನಡೆದದ್ದನ್ನು ಮರೆಮಾಡುತ್ತದೆ ಎಂದು ಟೆಕ್ ರಿಪೋರ್ಟಿನ ಸ್ಕಾಟ್ ವಾಸನ್ 2011ರಲ್ಲಿ ಪ್ರತಿ ಫ್ರೇಮಿನ ಹೊತ್ತು ಅಳೆದು ತೋರಿಸಿದ್ದರು; ಅತಿ ನಿಧಾನದ ಶೇ 1ರಷ್ಟು ಫ್ರೇಮುಗಳನ್ನು ನೋಡುವ ಇವತ್ತಿನ ‘1 ಪರ್ಸೆಂಟ್ ಲೋ’ ಆ ದಾರಿಯ ಕೂಸು. ಆದರೆ ಈ ಆಕ್ಷೇಪ ಹೇಳುವುದಾದರೂ ಏನು? ಪ್ರೊಸೆಸರಿನ ಅತಿ ಕೆಟ್ಟ ಗಳಿಗೆಯನ್ನು ಉತ್ತಮಪಡಿಸಿಕೊಳ್ಳಿ ಎಂದು. ಕಾರ್ಡನ್ನು ದುರ್ಬಲವಾಗಿಡಿ ಎಂದಲ್ಲ. ದುರ್ಬಲ ಕಾರ್ಡು ಎಲ್ಲ ಫ್ರೇಮುಗಳನ್ನೂ ಸಮನಾಗಿ ತಡಮಾಡಿ ಎಡವುವಿಕೆಯನ್ನು ಮುಚ್ಚುತ್ತದೆ ಅಷ್ಟೆ. ಅದೇ ಕೆಲಸವನ್ನು ಎಫ್‌ಪಿಎಸ್ ಮಿತಿ ಸರದಿಯ ವಿಳಂಬವಿಲ್ಲದೆ, ಖರ್ಚಿಲ್ಲದೆ ಮಾಡುತ್ತದೆ.

ಆ ಕೆಟ್ಟ ಗಳಿಗೆಯನ್ನು ಯಾವುದು ಸುಧಾರಿಸುತ್ತದೆ ಎಂಬುದಕ್ಕೆ 2022ರ ಏಪ್ರಿಲ್‌ನಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದರ ಅಣ್ಣ 5800ಎಕ್ಸ್‌ನಲ್ಲೂ ಅದೇ ಝೆನ್ 3 ವಿನ್ಯಾಸ, ಅದೇ 8 ಕೋರ್. ಗರಿಷ್ಠ ವೇಗ 4.7ರಿಂದ 4.5 ಗಿಗಾಹರ್ಟ್ಸಿಗೆ ಇಳಿದಿತ್ತು. ಹೆಚ್ಚಿದ್ದು ಎಲ್3 ಕ್ಯಾಶ್ ಒಂದೇ, 32 ಮೆಗಾಬೈಟಿನಿಂದ 96ಕ್ಕೆ. ರೆಂಡರಿಂಗ್‌ನಂಥ ಕೆಲಸಗಳಲ್ಲಿ ತಮ್ಮ ಹಿಂದುಳಿದ, ಬಹುಪಾಲು ಆಟಗಳಲ್ಲಿ ಸ್ಪಷ್ಟವಾಗಿ ಮುಂದೆ ಹೋದ. ಆಟದ ಮುಖ್ಯ ಥ್ರೆಡ್ ಚದುರಿದ ಮಾಹಿತಿಯನ್ನು ಮತ್ತೆ ಮತ್ತೆ ಹುಡುಕುತ್ತದೆ. ಕ್ಯಾಶಿನಲ್ಲಿ ಸಿಗದಿದ್ದರೆ ರ‍್ಯಾಮ್ ತನಕ ಹೋಗಿಬರುವಷ್ಟರಲ್ಲಿ ಪ್ರೊಸೆಸರಿನ ನೂರಾರು ಗಡಿಯಾರ ಬಡಿತಗಳು ಸುಮ್ಮನೆ ಕಳೆದುಹೋಗುತ್ತವೆ. ಕೋರುಗಳನ್ನು ಹೆಚ್ಚಿಸಿದರೂ ಪ್ರಯೋಜನ ಕಡಿಮೆ. ಹಂಚಲಾಗದ ಭಾಗ ಅರ್ಧದಷ್ಟಿದ್ದರೆ ಎಷ್ಟು ಕೋರು ತಂದರೂ ವೇಗ ಎರಡು ಪಟ್ಟು ದಾಟದೆಂದು ಜೀನ್ ಆಮ್‌ಡಾಲ್ 1967ರಲ್ಲಿ ಮಂಡಿಸಿದ ವಾದದಿಂದಲೇ ತಿಳಿಯುತ್ತದೆ. ಕೋರು, ಗಿಗಾಹರ್ಟ್ಸ್, ಸಾಮಾನ್ಯ ಬೆಂಚ್‌ಮಾರ್ಕ್ ಅಂಕಗಳ ಮೇಲೆ ನಿಂತ ಯಾವ ಶೇಕಡಾ ಲೆಕ್ಕವೂ ಈ ಅಣ್ಣತಮ್ಮಂದಿರನ್ನು ಸರಿಯಾದ ಕ್ರಮದಲ್ಲಿ ನಿಲ್ಲಿಸಲಾರದು. ಎರಡರ ಬದಲು ಒಂದೇ ರ‍್ಯಾಮ್ ಹಾಕಿ ಮಾರಿದ ಪಿಸಿ, ಬಯಾಸ್‌ನಲ್ಲಿ ರ‍್ಯಾಮಿನ ವೇಗದ ಪ್ರೊಫೈಲ್ ಆನ್ ಮಾಡದೆ ಬಿಟ್ಟ ಪಿಸಿ, ಇವೂ ಅದರ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಪರೀಕ್ಷಕರ ಜಗಳಕ್ಕೆ ಬರಲೇಬೇಕು. ಪ್ರೊಸೆಸರುಗಳನ್ನು ಅತಿ ದುಬಾರಿ ಕಾರ್ಡಿನೊಂದಿಗೆ 1080ಪಿ ಅಥವಾ 720ಪಿಯಲ್ಲಿ ಪರೀಕ್ಷಿಸುವುದನ್ನು ಕಂಡು ‘ಆರ್‌ಟಿಎಕ್ಸ್ 4090 ಇಟ್ಟುಕೊಂಡು 720ಪಿಯಲ್ಲಿ ಆಡುವವರು ಯಾರು’ ಎಂದು ಕೆಲವರು ವರ್ಷವರ್ಷವೂ ಕೇಳುತ್ತಾರೆ. ಈ ಪ್ರಶ್ನೆಗೆ ಹುರುಳಿಲ್ಲ. ಕಾರ್ಡನ್ನು ದಾರಿಯಿಂದ ಸರಿಸಿದಾಗಲೇ ಪ್ರೊಸೆಸರಿನ ಮಿತಿ ಕಾಣುವುದು. ಮುಂದಿನ ಕಾರ್ಡು ಬಂದಾಗ ಇವತ್ತು ಬಚ್ಚಿಟ್ಟುಕೊಂಡ ವ್ಯತ್ಯಾಸ ಹೊರಬರುತ್ತದೆ. ಆಸ್ಟ್ರೇಲಿಯಾದ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ತಂಡ ಇದನ್ನು ತಾಳ್ಮೆಯಿಂದ ವಿವರಿಸುತ್ತ ಬಂದಿದೆ, ಅಷ್ಟರಮಟ್ಟಿಗೆ ನಾನು ಅವರ ಕಡೆ. ಆದರೆ ಈ ವಿಧಾನವನ್ನು ಸಮರ್ಥಿಸುವ ಬಹುತೇಕರು ಒಂದು ಮಾತನ್ನು ಹೇಳದೆ ಬಿಡುತ್ತಾರೆ. ಪ್ರೊಸೆಸರಿನ ಪಟ್ಟಿ ಒಂದು, ಕಾರ್ಡಿನ ಪಟ್ಟಿ ಒಂದು, ಎರಡರಲ್ಲಿ ಕಡಿಮೆ ಇರುವ ಅಂಕಿಯೇ ನಿಮ್ಮ ಪಿಸಿಯ ಅಂಕಿ ಎಂದು ಓದುಗ ಕೂಡಿಸಿಕೊಳ್ಳುತ್ತಾನೆ. ಎರಡೂ ಸ್ವತಂತ್ರವಾಗಿದ್ದರೆ ಆ ಲೆಕ್ಕ ನಿಲ್ಲುತ್ತಿತ್ತು. ಅವು ಸ್ವತಂತ್ರವಲ್ಲ, ಏಕೆಂದರೆ ಕಾರ್ಡಿನ ಡ್ರೈವರ್ ಓಡುವುದು ಪ್ರೊಸೆಸರಿನ ಮೇಲೆ. 2024ರ ಡಿಸೆಂಬರಿನಲ್ಲಿ ಇಂಟೆಲ್ 249 ಡಾಲರಿಗೆ ಬಿಟ್ಟ ಆರ್ಕ್ ಬಿ580 ಇದನ್ನು ಬಯಲು ಮಾಡಿತು. ಬಿಡುಗಡೆಯ ಹೊತ್ತಿನ ವಿಮರ್ಶೆಗಳು ಪ್ರಬಲ ಪ್ರೊಸೆಸರುಗಳೊಂದಿಗೆ ಪರೀಕ್ಷಿಸಿ ಅದನ್ನು ಕಡಿಮೆ ಬಜೆಟ್ಟಿನವರ ಕಾರ್ಡೆಂದು ಹೊಗಳಿದವು. ಕೆಲವೇ ವಾರಗಳಲ್ಲಿ, ಅದೇ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಸೇರಿದಂತೆ ಕೆಲವರು, ರೈಜೆನ್ 5 2600, 5600ರಂಥ ಪ್ರೊಸೆಸರುಗಳೊಂದಿಗೆ ಹಾಕಿ ನೋಡಿದಾಗ ಹಲವು ಆಟಗಳಲ್ಲಿ ಅದು ಎದುರಾಳಿ ಕಂಪನಿಯ ಕಾರ್ಡಿಗಿಂತ ಹೆಚ್ಚು ಕುಸಿಯಿತು. 249 ಡಾಲರಿನ ಕಾರ್ಡು ಕೊಳ್ಳುವವರ ಬಳಿ ಇರುವುದು ಇಂಥ ಪ್ರೊಸೆಸರುಗಳೇ ತಾನೆ? ಡ್ರೈವರಿನ ಈ ಹೊರೆ ಹೊಸ ಸಂಗತಿಯೂ ಅಲ್ಲ; ಡೈರೆಕ್ಟ್‌ಎಕ್ಸ್ 12ರಲ್ಲಿ ಎನ್‌ವಿಡಿಯಾ ಕಾರ್ಡುಗಳು ದುರ್ಬಲ ಪ್ರೊಸೆಸರಿನ ಮೇಲೆ ಎಎಂಡಿಯವಕ್ಕಿಂತ ಹೆಚ್ಚು ಭಾರ ಹೇರುತ್ತವೆ ಎಂದು ಅದೇ ತಂಡ 2021ರಲ್ಲೇ ತೋರಿಸಿತ್ತು. ಗೊತ್ತಿದ್ದೂ ಅದನ್ನು ಪ್ರತಿ ಪರೀಕ್ಷೆಯ ಭಾಗವಾಗಿಸಲಿಲ್ಲ ಎಂಬುದೇ ನನ್ನ ದೂರು. ಅದರ ಜೊತೆಗೆ ಇನ್ನೊಂದು: ಸ್ಪರ್ಧೆಯ ಆಟದ ಬಗ್ಗೆ ಇಷ್ಟೆಲ್ಲ ಪಟ್ಟಿ ಕೊಡುವವರಲ್ಲಿ ಹೆಚ್ಚಿನವರು ವಿಳಂಬವನ್ನು ಅಳೆಯುವುದೇ ಇಲ್ಲ.

ಅಳೆಯುವ ಸಾಧನ ಇಲ್ಲವೆನ್ನುವಂತಿಲ್ಲ. ಇಂಟೆಲ್ಲಿನ ಪ್ರೆಸೆಂಟ್‌ಮಾನ್ ಉಚಿತ. 2023ರಲ್ಲಿ ಅದಕ್ಕೆ ‘ಜಿಪಿಯು ಬಿಜಿ’ ಎಂಬ ಅಂಕಿ ಸೇರಿತು. ಒಂದು ಫ್ರೇಮಿಗೆ ಹಿಡಿದ ಒಟ್ಟು ಹೊತ್ತಿನಲ್ಲಿ ಕಾರ್ಡು ಎಷ್ಟು ಹೊತ್ತು ದುಡಿಯಿತು ಎಂಬುದು ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ಎರಡೂ ಒಂದೇ ಆಗಿದ್ದರೆ ಸರದಿ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಆಯ್ಕೆ ಶುರುವಾಗಬೇಕಾದದ್ದೂ ಇಲ್ಲಿಂದಲೇ. 144 ಹರ್ಟ್ಸ್ ಮಾನಿಟರ್ ಪ್ರತಿ ಫ್ರೇಮಿಗೆ 6.94 ಮಿಲಿಸೆಕೆಂಡ್ ಕೊಡುತ್ತದೆ, 240 ಹರ್ಟ್ಸಿನದು 4.17. ಆಡುವ ಆಟದ ಅತಿ ಗದ್ದಲದ ಗಳಿಗೆಯಲ್ಲೂ ಆ ಹೊತ್ತಿನೊಳಗೆ ಕೆಲಸ ಮುಗಿಸುವ ಪ್ರೊಸೆಸರ್ ಮೊದಲು. ತಾನು ಆಡುವ ಸೆಟ್ಟಿಂಗಿನಲ್ಲಿ ಅದಕ್ಕಿಂತ ಗಮನಾರ್ಹವಾಗಿ ಬೇಗ ಮುಗಿಸುವ ಕಾರ್ಡು ಆಮೇಲೆ. ಕತೆ, ದೃಶ್ಯಗಳಿಗಾಗಿ ಆಡುವವರು ಈ ಕ್ರಮವನ್ನು ತಿರುಗಿಸಿಕೊಳ್ಳಲಿ; ಅವರ ಕಾರ್ಡು ಶೇ 99 ದುಡಿದರೆ ಕೊಟ್ಟ ಹಣಕ್ಕೆ ನ್ಯಾಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಉಳಿತಾಯದ ಹಣ ಹಿಡಿದು ವ್ಯಾಲೊರಂಟಿಗೆಂದು ಪಿಸಿ ಕಟ್ಟಿಸುವ ವಿದ್ಯಾರ್ಥಿಗೆ ಮಾತ್ರ ಆ ‘ಸಮತೋಲನ’ದ ಸಲಹೆ ನಷ್ಟದ್ದು. ವ್ಯಾಲೊರಂಟಿನಂಥ ಹಗುರ ಚಿತ್ರಗಳ ಆಟಕ್ಕೆ ಸಾಧಾರಣ ಕಾರ್ಡಿನಲ್ಲೇ ಬಿಡುವು ಮಿಗುತ್ತದೆ. ಹಣ ಹೋಗಬೇಕಾದದ್ದು ಪ್ರೊಸೆಸರಿಗೆ, ಜೋಡಿ ರ‍್ಯಾಮಿಗೆ, ಮಾನಿಟರಿಗೆ.

ಎಫ್‌ಪಿಎಸ್ ಅಂಕಿಯನ್ನೇ ಅಡಿಪಾಯ ಮಾಡಿಕೊಂಡ ಲೆಕ್ಕಗಳಿಗೆ ಈಗ ಆ ಅಡಿಪಾಯವೂ ಉಳಿದಿಲ್ಲ. 2022ರ ಅಕ್ಟೋಬರಿನಲ್ಲಿ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ 3ರ ಜೊತೆ ಫ್ರೇಮ್ ಜನರೇಷನ್ ಬಂತು. 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ ಕಾರ್ಡು ಒಂದು ನಿಜವಾದ ಫ್ರೇಮಿಗೆ ಮೂರು ಫ್ರೇಮುಗಳನ್ನು ತಾನೇ ಊಹಿಸಿ ಸೇರಿಸಬಲ್ಲದು. ನಡುವಿನ ಫ್ರೇಮ್ ಊಹಿಸಬೇಕಾದರೆ ಮುಂದಿನ ನಿಜವಾದ ಫ್ರೇಮ್ ಸಿದ್ಧವಾಗಿರಬೇಕು, ಅದನ್ನು ತೋರಿಸದೆ ತಡೆಹಿಡಿದಿರಬೇಕು. ಆಗ ಕಾರ್ಡು ಪೂರ್ತಿ ದುಡಿಯುತ್ತಿರುತ್ತದೆ, ಪ್ರೊಸೆಸರ್ ಹಿಂದೆ ಬಿದ್ದಿಲ್ಲವೆಂದು ಕಾಣುತ್ತದೆ, ಪರದೆಯ ಮೂಲೆಯಲ್ಲಿ 240 ಎಂದು ಬರೆದಿರುತ್ತದೆ. ಮೌಸ್ ಎಲ್ಲಿದೆ ಎಂದು ಆಟ ನೋಡುವುದು ಮಾತ್ರ ಸೆಕೆಂಡಿಗೆ 60 ಸಲ, 16.7 ಮಿಲಿಸೆಕೆಂಡಿಗೊಮ್ಮೆ.