ನಾಲ್ಕು ವರ್ಷದ ಹೆಸರು

ರೇಸ್ ಕಾರ್ಡಿನಲ್ಲಿ ಕುದುರೆಯ ಹೆಸರಿನ ಜೊತೆ ವಯಸ್ಸು, ಬಣ್ಣ, ಲಿಂಗವನ್ನು ಪುಟ್ಟ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಹೆಚ್ಚಿನವರು ಅದನ್ನು ದಾಟಿ ಸೀದಾ ಜಾಕಿಯ ಹೆಸರಿಗೆ, ಹೊರುವ ತೂಕಕ್ಕೆ ಹೋಗುತ್ತಾರೆ. ನಾನು ಮೊದಲು ನೋಡುವುದು ಆ ಅಕ್ಷರಗಳನ್ನೇ.

ಕೋಲ್ಟ್ ಎಂದರೆ ಬೀಜ ತೆಗೆಸದ ಎಳೆಯ ಗಂಡು ಕುದುರೆ. ಬ್ರಿಟನ್ನಿನ ರೇಸಿನ ಲೆಕ್ಕದಲ್ಲಿ ವಯಸ್ಸು 4 ಇರುವವರೆಗೆ ಈ ಹೆಸರು; 5 ಆಯಿತೋ, ಅದು ‘ಹಾರ್ಸ್’. ಆಸ್ಟ್ರೇಲಿಯಾದಲ್ಲಿ ಒಂದು ವರ್ಷ ಮೊದಲೇ ಈ ಹೆಸರು ಕಳಚುತ್ತದೆ. ನಮ್ಮ ಅಮರಕೋಶ ಕುದುರೆಮರಿಗೆ ಕೊಡುವ ‘ಕಿಶೋರ’ ಎಂಬ ಚೆಂದದ ಪದಕ್ಕೆ ಇಂಥ ಗಡುವಿಲ್ಲ. ಇಂಗ್ಲೆಂಡಿನಲ್ಲಿ ವಯಸ್ಸು ಏರುವುದೂ ಹುಟ್ಟಿದ ದಿನಕ್ಕಲ್ಲ, ಜನವರಿ 1ಕ್ಕೆ. ಹಾಗಾಗಿ ಫೆಬ್ರವರಿಯ ಮರಿ, ಮೇ ತಿಂಗಳ ಮರಿ ಎರಡೂ ಕಾಗದದ ಮೇಲೆ ಓರಗೆಯವು. ಎರಡು ವರ್ಷದ ಕೋಲ್ಟ್‌ಗಳ ರೇಸಿನಲ್ಲಿ ಈ ಮೂರು ತಿಂಗಳು ಮೈಕಟ್ಟಿನಲ್ಲೇ ಎದ್ದು ಕಾಣುತ್ತದೆ.

ಬೀಜ ತೆಗೆಸಿದರೆ ಯಾವ ವಯಸ್ಸಿನಲ್ಲೂ ಅದು ಗೆಲ್ಡಿಂಗ್. ಕಚ್ಚುವ, ಹಿಂಗಾಲಲ್ಲಿ ನಿಲ್ಲುವ, ಫಿಲ್ಲಿ, ಅಂದರೆ ಎಳೆಯ ಹೆಣ್ಣು ಕುದುರೆ, ಕಂಡೊಡನೆ ಗಮನ ತಪ್ಪುವ ಗಂಡುಗಳು ಇದರಿಂದ ಎಷ್ಟೋ ಪಳಗುತ್ತವೆ. ಆದರೆ ಎಪ್ಸಮ್‌ನ ಡರ್ಬಿಯ ಬಾಗಿಲು ಅವಕ್ಕೆ ಮುಚ್ಚಿದೆ. ಅಲ್ಲಿ ಗೆದ್ದ ಕುದುರೆಯಿಂದ ಮುಂದಿನ ಪೀಳಿಗೆಯನ್ನು ಬಯಸುತ್ತಾರೆ. ಅಮೆರಿಕದವರಿಗೆ ಆ ಮಡಿ ಇಲ್ಲ. 2003ರ ಕೆಂಟಕಿ ಡರ್ಬಿ ಗೆದ್ದ ಫನ್ನಿ ಸೈಡ್ ಗೆಲ್ಡಿಂಗೇ.

ನನ್ನ ಸಂಕಟ ಇರುವುದು ಇಲ್ಲೇ. ಕೋಲ್ಟ್ ಅದ್ಭುತವಾಗಿ ಓಡಿದಷ್ಟೂ ಬೇಗ ನಮ್ಮ ಕಣ್ಣಿಂದ ಮರೆಯಾಗುತ್ತದೆ. ಫ್ರಾಂಕೆಲ್ 14 ರೇಸು ಓಡಿ ಹದಿನಾಲ್ಕನ್ನೂ ಗೆದ್ದ. 2012ರಲ್ಲಿ, ನಾಲ್ಕರ ಹರೆಯದಲ್ಲೇ, ಬೀಜದ ಕುದುರೆಯಾಗಿ ಸ್ಟಡ್ ಫಾರ್ಮ್ ಸೇರಿದ. ಸೆಕ್ರೆಟೇರಿಯಟ್ 1973ರ ಬೆಲ್ಮಾಂಟ್ ರೇಸನ್ನು 31 ಲೆಂಗ್ತ್ (ಕುದುರೆಯುದ್ದ) ಅಂತರದಿಂದ ಗೆದ್ದು, ಅದೇ ವರ್ಷ ಮೂರರಲ್ಲೇ ಟ್ರ್ಯಾಕ್ ಬಿಟ್ಟ. ಸಂತಾನದಿಂದ ಬರುವ ಹಣದ ಮುಂದೆ ಇನ್ನೊಂದು ಸೀಸನ್ನಿನ ಬಹುಮಾನ ಮಾಲೀಕರಿಗೆ ಏನೇನೂ ಅಲ್ಲ, ಒಪ್ಪುತ್ತೇನೆ. ಆದರೂ ಐದು ವರ್ಷದ ಫ್ರಾಂಕೆಲ್ ಹೇಗೆ ಓಡುತ್ತಿದ್ದನೋ ಎಂಬುದನ್ನು ನೋಡುವ ಭಾಗ್ಯ ನಮಗೆ ತಪ್ಪಿತು.

ಕೆಲ್ಸೊನ ಕಥೆ ಬೇರೆ. ಅವನು ಗೆಲ್ಡಿಂಗ್, ಮನೆಗೆ ಕಳಿಸುವ ಅವಸರ ಯಾರಿಗೂ ಇರಲಿಲ್ಲ. 1960ರಿಂದ 1964ರವರೆಗೆ ಸತತ ಐದು ಬಾರಿ ಅಮೆರಿಕದ ವರ್ಷದ ಕುದುರೆಯಾದ. 1966ರವರೆಗೂ ಓಡಿದ.