‘ಕೇಳು’ ಅಂದರೆ ಎರಡು ಅರ್ಥ

ಈ ಬರಹವನ್ನು ನೀವು ಓದುತ್ತಿಲ್ಲ, ಕಾರಿನಲ್ಲಿ ಕಂತಾಗಿ ಕೇಳುತ್ತಿದ್ದೀರಿ ಅಂದುಕೊಳ್ಳಿ. ಹಿಂದಿನ ಸೀಟಿನಲ್ಲಿ ಹನ್ನೆರಡು ಹದಿಮೂರು ವರ್ಷದ ಮಗನೋ ಮಗಳೋ ಇದ್ದಾರೆ. ಇವತ್ತಿನ ವಿಷಯ ಮುಟ್ಟು, ಮೈನೆರೆಯೋದು, ಹುಡುಗರ ಮೈಯಲ್ಲಾಗುವ ಬದಲಾವಣೆ ಅಂತ ಗೊತ್ತಾದ ಕೂಡಲೇ ನಿಮ್ಮ ಕೈ ವಾಲ್ಯೂಮ್ ಕಡೆಗೆ ಹೋಗುತ್ತದೆ. ಬೇಡ, ಇರಲಿ ಬಿಡಿ. ಹಿಂದೆ ಕೂತವರಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತು. ಇದನ್ನೆಲ್ಲ ನಿಮ್ಮ ಹತ್ತಿರ ಮಾತಾಡಬಹುದಾ ಅನ್ನೋದು ಮಾತ್ರ ಗೊತ್ತಿಲ್ಲ.

ಇವತ್ತು ಎರಡು ಸಿನಿಮಾಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು, 2022ರ ಮಾರ್ಚಿನಲ್ಲಿ ಬಂದ ಪಿಕ್ಸಾರ್‌ನ ‘ಟರ್ನಿಂಗ್ ರೆಡ್’. ಇನ್ನೊಂದು, 2023ರ ಆಗಸ್ಟಿನಲ್ಲಿ ಬಂದ ಹಿಂದಿ ಸಿನಿಮಾ ‘ಓಎಂಜಿ 2’. ಮೊದಲನೆಯದು ನಾವಿರುವ ಟೊರಾಂಟೋದ ಹುಡುಗಿಯ ಕಥೆ, ಎರಡನೆಯದು ನಾವು ಬಿಟ್ಟುಬಂದ ದೇಶದ ಹುಡುಗನ ಕಥೆ. ಮೈ ಬದಲಾಗುವ ವಯಸ್ಸಿನಲ್ಲಿ ಮಕ್ಕಳಿಗೆ ಹೇಳುವವರು ಯಾರು ಅನ್ನುವುದೇ ಎರಡರ ಪ್ರಶ್ನೆ. ಎರಡೂ ನನಗೆ ಇಷ್ಟವಾದವು. ಎರಡರ ಮೇಲೂ ಒಂದೇ ತಕರಾರಿದೆ.

ಆ ತಕರಾರು ಹುಟ್ಟಿದ್ದು ಒಂದು ಕನ್ನಡ ಪುಸ್ತಕದ ಹೆಸರಿನಿಂದ. ಡಾ. ಅನುಪಮಾ ನಿರಂಜನ (1934–1991) ವೈದ್ಯೆ, ಕಾದಂಬರಿಕಾರ್ತಿ. ನಮ್ಮ ಅಮ್ಮಂದಿರ ತಲೆಮಾರು ‘ತಾಯಿ ಮಗು’ ಓದಿ ಮಕ್ಕಳನ್ನು ಹೆತ್ತು ಬೆಳೆಸಿತು, ಮದುವೆಯಾದವರ ಕೈಗೆ ‘ದಾಂಪತ್ಯ ದೀಪಿಕೆ’ ಸೇರುತ್ತಿತ್ತು. ಹರೆಯದ ಹುಡುಗಿಯರಿಗಾಗಿ ಅವರು ಬರೆದದ್ದಕ್ಕೆ ‘ಕೇಳು ಕಿಶೋರಿ’ ಅಂತ ಹೆಸರಿಟ್ಟರು. ಕನ್ನಡ ಕಲಿಯುತ್ತಿರುವ ಕಿರಿಯರು ಇಲ್ಲಿ ಸ್ವಲ್ಪ ನಿಲ್ಲಿ. ‘ಹಾಡು ಕೇಳು’ ಅಂದರೆ ಕಿವಿಗೊಡು ಅಂತ. ‘ಟೀಚರ್‌ನ ಕೇಳು’ ಅಂದರೆ ಪ್ರಶ್ನೆ ಹಾಕು ಅಂತ. ಒಂದೇ ಪದ, ಎರಡು ಕೆಲಸ. ಹಾಗಾಗಿ ‘ಕೇಳು ಕಿಶೋರಿ’ ಅನ್ನುವುದನ್ನು ‘ನಾನು ಹೇಳ್ತೀನಿ, ಕೇಳಿಸಿಕೋ’ ಅಂತಲೂ ಓದಬಹುದು, ‘ನಿನಗೇನು ಬೇಕೋ ಕೇಳು ಮಗಳೇ’ ಅಂತಲೂ ಓದಬಹುದು. ಹರೆಯದವರಿಗಾಗಿ ಬಂದ ಯಾವುದೇ ಪುಸ್ತಕ, ಸಿನಿಮಾ, ಪಾಠವನ್ನು ನಾನು ಈಗ ಅಳೆಯುವುದು ಇದೇ ಅಳತೆಯಲ್ಲಿ. ಮಗುವಿಗೆ ಕೇಳಿಸಿಕೊಳ್ಳುವ ಕೆಲಸ ಮಾತ್ರ ಇದೆಯಾ, ಕೇಳುವ ಅವಕಾಶವೂ ಇದೆಯಾ?

‘ಟರ್ನಿಂಗ್ ರೆಡ್’ ನಡೆಯುವುದು 2002ರಲ್ಲಿ. ನಿರ್ದೇಶಕಿ ಡೋಮಿ ಶಿ ಚೀನಾದಲ್ಲಿ ಹುಟ್ಟಿ ಟೊರಾಂಟೋದಲ್ಲಿ ಬೆಳೆದವರು. ಹದಿಮೂರರ ಮೇ ಲೀ ಒಂದು ಬೆಳಗ್ಗೆ ಎದ್ದರೆ ದೊಡ್ಡ ಕೆಂಪು ಪಾಂಡಾ ಆಗಿಬಿಟ್ಟಿರುತ್ತಾಳೆ. ಬಚ್ಚಲಿಗೆ ಓಡಿ ಪರದೆಯ ಹಿಂದೆ ಅಡಗುತ್ತಾಳೆ. ಅಮ್ಮ ಮಿಂಗ್, ಮಗಳು ದೊಡ್ಡವಳಾದಳು ಅಂದುಕೊಂಡು, ಒಂದು ಹೂವಿನ ಹೆಸರು ಹಿಡಿದು ಸುತ್ತಿ ಬಳಸಿ ವಿಚಾರಿಸುತ್ತಾಳೆ. ಆಮೇಲೆ ನೋವಿನ ಮಾತ್ರೆ, ಬಿಸಿನೀರಿನ ಚೀಲ, ರಾಶಿ ಪ್ಯಾಡು ಹೊತ್ತು ತರುತ್ತಾಳೆ. ಪಾಪ, ಎಲ್ಲ ತಯಾರಿ ಮಾಡಿಕೊಂಡಿದ್ದಾಳೆ. ಆದರೆ ಪರದೆಯ ಹಿಂದೆ ನಿಜವಾಗಿ ಏನಾಗಿದೆ ಅನ್ನುವುದು ಅವಳಿಗೆ ತಿಳಿಯುವುದೇ ಇಲ್ಲ.

ಆ ಹೂವಿನ ಮಾತು ಕೇಳಿ ನನ್ನ ಹೆಂಡತಿ ಜೋರಾಗಿ ನಕ್ಕಳು. ನಮ್ಮ ಹಾಸನ ಕಡೆ ಹೂವಿಲ್ಲ, ಕಾಗೆ. ‘ಅಮ್ಮಂಗೆ ಕಾಗೆ ಮುಟ್ಟಿದೆ, ಹತ್ರ ಹೋಗ್ಬೇಡ’ ಅಂತ ಅಜ್ಜಿ ಹೇಳಿದ್ದನ್ನು ನಂಬಿ, ನಾನು ಚಿಕ್ಕವನಿದ್ದಾಗ ಅಂಗಳದ ಕಾಗೆಗಳಿಗೆ ಕಲ್ಲು ಬೀರಿದ್ದೇನೆ.

ಸಿನಿಮಾದ ಎದೆಗಾರಿಕೆಗೆ ಮೊದಲು ಮೆಚ್ಚುಗೆ ಸಲ್ಲಬೇಕು. ಮಕ್ಕಳ ಆನಿಮೇಶನ್ ಚಿತ್ರದಲ್ಲಿ ಪ್ಯಾಡಿನ ಡಬ್ಬವನ್ನು ಹೀಗೆ ಪರದೆ ತುಂಬ ತೋರಿಸುವುದು ಸಣ್ಣ ವಿಷಯವಲ್ಲ. ಅದಕ್ಕಿಂತ ಚೂಪಾದ ದೃಶ್ಯ ಇನ್ನೊಂದಿದೆ. ಮೇ ತನ್ನ ನೋಟ್‌ಬುಕ್ಕಿನಲ್ಲಿ ಅಂಗಡಿಯ ಹುಡುಗನೊಬ್ಬನ ಚಿತ್ರ ಬರೆದು ಹಾಸಿಗೆಯ ಕೆಳಗೆ ಅಡಗಿಸಿರುತ್ತಾಳೆ. ಅಮ್ಮನ ಕೈಗೆ ಅದು ಸಿಕ್ಕಿದ್ದೇ ತಡ, ಮಗಳನ್ನು ಕಾರಿಗೆ ಹತ್ತಿಸಿಕೊಂಡು ಸೀದಾ ಆ ಅಂಗಡಿಗೆ ಹೋಗಿ, ಏನೂ ಅರಿಯದ ಆ ಹುಡುಗನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಾಳೆ. ತನ್ನ ಮಗಳಿಗೇ ಯಾರ ಮೇಲೋ ಮನಸ್ಸಾಗಿರಬಹುದು ಅನ್ನುವುದು ಆ ತಾಯಿಯ ಲೆಕ್ಕದಲ್ಲೇ ಇಲ್ಲ. ಆ ರಾತ್ರಿ ಮೇ ನಾಚಿಕೆಯಿಂದ ಕುಗ್ಗಿ ತನ್ನನ್ನೇ ಬೈದುಕೊಳ್ಳುತ್ತಾಳೆ. ಪಾಂಡಾ ಬರುವುದು ಮರುದಿನ ಬೆಳಗ್ಗೆ. ಈ ಕ್ರಮವನ್ನು ನಿರ್ದೇಶಕಿ ಸುಮ್ಮನೆ ಇಟ್ಟಿಲ್ಲ. ತಾನು ಬೆಳೆಯುತ್ತಿದ್ದೇನೆ ಅನ್ನುವುದಕ್ಕಿಂತ ಮೊದಲು ಆ ಹುಡುಗಿಗೆ ಸಿಕ್ಕಿದ್ದು ಅವಮಾನ.

ನನ್ನ ತಕರಾರು ಇಲ್ಲಿಂದ ಮುಂದೆ. ಪಾಂಡಾ ಚೆಂದದ ರೂಪಕ, ಆದರೆ ಅದು ಎಲ್ಲವನ್ನೂ ನುಂಗಿಬಿಡುತ್ತದೆ. ಸಿಟ್ಟು ಬಂದರೆ ಪಾಂಡಾ, ಪ್ರೀತಿ ಬಂದರೆ ಪಾಂಡಾ, ಅಮ್ಮನ ಮಾತು ಮೀರಬೇಕು ಅನ್ನಿಸಿದರೆ ಪಾಂಡಾ. ಮುಟ್ಟಿನ ವಿಷಯ ಶುರುವಿನಲ್ಲಿ ಧೈರ್ಯವಾಗಿ ಬಂದು, ನಗು ತರಿಸಿ, ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಪಾಂಡಾ ಮುದ್ದಾಗಿದೆ, ಗೆಳತಿಯರು ತಬ್ಬಿಕೊಳ್ಳುತ್ತಾರೆ. ರಕ್ತವನ್ನು ಯಾರೂ ಮುದ್ದು ಮಾಡುವುದಿಲ್ಲ. ಮೊದಲ ಒಂದೆರಡು ವರ್ಷ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರದೇ ಇರಬಹುದು, ಹದಿನೈದು ತುಂಬಿದರೂ ಶುರುವಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು, ಏಳು ದಿನ ಮೀರಿ ಹೋಗುತ್ತಿದ್ದರೆ ಅಥವಾ ಗಂಟೆ ಎರಡು ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ ಅದನ್ನು ಸಹಿಸಿಕೊಂಡು ಕೂರಬಾರದು. ಇದನ್ನೆಲ್ಲ ಪಾಂಡಾ ಹೇಳಿಕೊಡುವುದಿಲ್ಲ. ಸಿನಿಮಾ ಪಾಠಪುಸ್ತಕವಲ್ಲ, ಒಪ್ಪುತ್ತೇನೆ. ಆದರೆ ಆ ಬಚ್ಚಲಿನ ಪರದೆಯ ಎರಡು ಕಡೆ ನಿಂತ ತಾಯಿ ಮಗಳು ಆ ಮಾತನ್ನು ಮತ್ತೆ ಯಾವತ್ತಾದರೂ ಮುಂದುವರಿಸುತ್ತಾರಾ ಅಂತ ನಾನು ಕೊನೆಯವರೆಗೂ ಕಾದೆ. ಕೊನೆಯಲ್ಲಿ ರಾಜಿ ಆಗುತ್ತಾರೆ, ಅಳುತ್ತಾರೆ, ನಮ್ಮನ್ನೂ ಅಳಿಸುತ್ತಾರೆ. ಆ ಮಾತು ಮಾತ್ರ ಪರದೆಯ ಹಿಂದೆಯೇ ಉಳಿಯಿತು.

ಇನ್ನು ನಮ್ಮನೆ ಸೋಫಾದ ಕಥೆ. ನಾವು ನೋಡಿದಾಗ ಮಗಳಿಗೆ ಹನ್ನೆರಡು, ಮಗನಿಗೆ ಹತ್ತು. ಪ್ಯಾಡಿನ ಡಬ್ಬಗಳು ಬಂದಾಗ ಮಗ ಕೇಳಿದ, ‘ಅಪ್ಪಾ, ಅವರಮ್ಮ ಅಷ್ಟೊಂದು ಡಬ್ಬ ಯಾಕೆ ತಂದ್ರು? ಅದರಲ್ಲಿ ಏನಿದೆ?’ ನಾನು ಎದ್ದು ನೀರು ತರಲು ಹೋದೆ. ಬಾಯಾರಿಕೆ ಇರಲಿಲ್ಲ. ಅಡುಗೆಮನೆಯಲ್ಲಿ ಎರಡು ನಿಮಿಷ ನಿಂತು, ದೃಶ್ಯ ಮುಗಿದ ಮೇಲೆ ಬಂದೆ. ಅಷ್ಟರಲ್ಲಿ ಮಗಳು ಅವನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಮುಗಿಸಿದ್ದಳು. ಅವನು ‘ಓ’ ಅಂದ, ಅಷ್ಟೇ. ಆಮೇಲೆ ನನ್ನ ಮುಖ ನೋಡಿದ. ಆ ನೋಟದಲ್ಲಿ ಏನಿತ್ತು ಅಂತ ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು.

ಇಲ್ಲಿ ಹುಟ್ಟಿದ ಮಕ್ಕಳಿಗೆ ಈ ವಿಷಯ ಇಂಗ್ಲಿಷಿನಲ್ಲಿ ತಿಳಿದಿರುತ್ತದೆ. ಒಂಟಾರಿಯೋದಲ್ಲಿ ನಾಲ್ಕೈದನೇ ತರಗತಿಯಲ್ಲೇ ಪಾಠ ಶುರುವಾಗುತ್ತದೆ. ಅದೇನೂ ಜಗಳವಿಲ್ಲದೆ ಬಂದಿದ್ದಲ್ಲ. 1998ರ ಪಠ್ಯವನ್ನು 2015ರಲ್ಲಿ ಬದಲಿಸಿದಾಗ ಪ್ರತಿಭಟಿಸಿ ಮಕ್ಕಳನ್ನು ಶಾಲೆಗೆ ಕಳಿಸದ ತಂದೆತಾಯಿಗಳಿದ್ದರು. ಅವರಲ್ಲಿ ನಮ್ಮಂತೆ ವಲಸೆ ಬಂದವರೂ ಬಹಳ. 2018ರಲ್ಲಿ ಬಂದ ಹೊಸ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡು, 2019ರಲ್ಲಿ ಮತ್ತೊಂದು ತಂದಿತು. ಎಂಟನೇ ತರಗತಿಯವರೆಗೆ ಈ ಪಾಠದಿಂದ ಮಗುವನ್ನು ಹೊರಗಿಡುವ ಅವಕಾಶವೂ ಇದೆ. ನಮ್ಮ ಕನ್ನಡ ಬಳಗದಲ್ಲಿ ಈ ವಾದವನ್ನು ಎರಡೂ ಕಡೆಯಿಂದ ಕೇಳಿದ್ದೇನೆ. ‘ಶಾಲೆಯವರು ಹೇಳಬಾರದು, ಅದು ಮನೆಯವರ ಕೆಲಸ’ ಅನ್ನುವವರನ್ನು ‘ಸರಿ, ಮನೆಯಲ್ಲಿ ಹೇಳಿದ್ರಾ?’ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ನಾನೂ ಸುಮ್ಮನಾದವನೇ.

ಸುಮ್ಮನಾಗಲು ನಾಚಿಕೆ ಒಂದೇ ಕಾರಣವಲ್ಲ, ಪದಗಳ ತೊಂದರೆಯೂ ಇದೆ. ನಮ್ಮಲ್ಲಿ ಒಂದು ಕಡೆ ಡಾಕ್ಟರರ ಸಂಸ್ಕೃತ: ಋತುಸ್ರಾವ, ಸ್ವಪ್ನಸ್ಖಲನ, ಹಸ್ತಮೈಥುನ. ಇನ್ನೊಂದು ಕಡೆ ಬೀದಿಯ ಬೈಗುಳ. ನಡುವೆ ಅಪ್ಪ ಮಗ ಊಟದ ಮೇಜಿನಲ್ಲಿ ಆಡಬಹುದಾದ ಪದ ಕಡಿಮೆ. ‘ಮುಟ್ಟು’ ಸಾದಾ ಪದವೇ, ಆದರೆ ಅದರೊಳಗೇ ಮುಟ್ಟಬಾರದು ಅನ್ನುವುದು ಕೂತಿದೆ. ‘ಹೊರಗಾಗಿದಾಳೆ’ ಅನ್ನುವುದು ಮನೆಯ ಹೊರಗೆ ಕೂರಿಸಿದ ಕಾಲದ್ದು. ನನಗೆ ಇಷ್ಟವಾಗುವುದು ‘ಮೈನೆರೆಯುವುದು’. ನೆರೆ ಅಂದರೆ ತುಂಬಿಕೊಳ್ಳುವುದು, ಹೊಳೆಗೆ ನೆರೆ ಬರುತ್ತದಲ್ಲ, ಹಾಗೆ. ಮೈ ತುಂಬಿಕೊಂಡಿತು ಅನ್ನುವುದರಲ್ಲಿ ಮೈಲಿಗೆ ಇಲ್ಲ. ಅದನ್ನು ಹುಡುಗನಿಗೂ ಯಾಕೆ ಹೇಳಬಾರದು?

ಹುಡುಗನ ಮಾತು ಬಂತಲ್ಲ, ಎರಡನೇ ಸಿನಿಮಾಕ್ಕೆ ಬರೋಣ. ಮಗಳು ದೊಡ್ಡವಳಾದಾಗ ನಮ್ಮಲ್ಲಿ ಒಸಗೆ, ಆರತಿ, ಚಿಗಳಿ ಉಂಡೆ, ಕೊಬ್ಬರಿ ಬೆಲ್ಲ ಎಲ್ಲ ಇತ್ತು. ಅದರಲ್ಲಿ ಹುಡುಗಿಗೆ ಮುಜುಗರವೂ ಇತ್ತು ನಿಜ, ಆದರೆ ನಿನಗೆ ಏನೋ ಆಗಿದೆ ಅಂತ ಮನೆ ಒಪ್ಪಿಕೊಳ್ಳುತ್ತಿತ್ತು. ಹುಡುಗನಿಗೆ ಆ ಒಪ್ಪಿಗೆಯೂ ಇಲ್ಲ. ನನಗೆ ನನ್ನ ಮೈಯ ಬಗ್ಗೆ ಕನ್ನಡದಲ್ಲಿ ಹೇಳಿಕೊಟ್ಟದ್ದು ಬಸ್ ಸ್ಟ್ಯಾಂಡಿನ ಗೋಡೆ. ಗುಪ್ತರೋಗ, ನರದೌರ್ಬಲ್ಯ, ಸ್ವಪ್ನಸ್ಖಲನ, ಕೆಳಗೊಂದು ಲಾಡ್ಜಿನ ಹೆಸರು ಮತ್ತು ತಿಂಗಳ ಎರಡನೇ ಭಾನುವಾರ. ಆರೋಗ್ಯವಂತ ಹುಡುಗನಿಗೆ ಸಹಜವಾಗಿ ಆಗುವುದನ್ನೇ ರೋಗ ಅಂತ ಬರೆದಿದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ ಅದನ್ನು ಓದಿ, ನಾನು ಬೇಗ ಸಾಯುತ್ತೇನೆ ಅಂತ ಒಂದು ವರ್ಷ ನಂಬಿದ್ದೆ.

‘ಓಎಂಜಿ 2’ ಈ ಗೋಡೆಯನ್ನೇ ಕಟಕಟೆಗೆ ಎಳೆಯುತ್ತದೆ. ಶಿವಭಕ್ತ ಕಾಂತಿ ಶರಣ್‌ನ ಮಗ ವಿವೇಕ್‌ನನ್ನು ಜೊತೆಯ ಹುಡುಗರು ಅವನ ಮೈ ಬಗ್ಗೆ ಆಡಿಕೊಳ್ಳುತ್ತಾರೆ. ಅವನು ನಕಲಿ ವೈದ್ಯರ ಮದ್ದು, ಮಾತ್ರೆಗಳಿಗೆ ಬಲಿಯಾಗುತ್ತಾನೆ. ಅವನ ಖಾಸಗಿ ಕ್ಷಣದ ವಿಡಿಯೋ ಹರಡಿ ಶಾಲೆ ಅವನನ್ನು ಹೊರಹಾಕುತ್ತದೆ. ಅಪ್ಪ ಶಾಲೆಯ ಮೇಲೆ, ಮದ್ದು ಮಾರಿದವರ ಮೇಲೆ, ಜೊತೆಗೆ ತನ್ನ ಮೇಲೂ ಕೇಸು ಹಾಕುತ್ತಾನೆ. ಈ ಕೊನೆಯದೇ ಸಿನಿಮಾದ ಜೀವ. ಪಂಕಜ್ ತ್ರಿಪಾಠಿ ಆ ಅಪ್ಪನ ಮುಜುಗರವನ್ನು ಎಷ್ಟು ನಿಜವಾಗಿ ಆಡುತ್ತಾರೆ ಅಂದರೆ, ಹೇಳಬೇಕಾದ ಪದ ಗಂಟಲಲ್ಲಿ ಸಿಕ್ಕಿಕೊಂಡದ್ದು ನಮಗೂ ಕಾಣುತ್ತದೆ. ನಾನು ನೀರು ತರಲು ಎದ್ದು ಹೋದವನು, ಈತ ಕೋರ್ಟಿಗೆ ಹೋದವನು.

ಆದರೆ ಈ ಸಿನಿಮಾ ಮಾತಾಡುವುದು ಹಿರಿಯರ ಹತ್ತಿರ. ನಮ್ಮ ಪುರಾತನರೇ ಕಾಮಶಾಸ್ತ್ರ ಬರೆದಿದ್ದಾರೆ, ಆದ್ದರಿಂದ ಇದು ನಮ್ಮದೇ ಅನ್ನುವುದು ಅದರ ವಾದ. ಕೋರ್ಟು ಗೆಲ್ಲಲು ಒಳ್ಳೆಯ ವಾದ. ಆದರೆ ಅಜ್ಜಂದಿರ ಅಪ್ಪಣೆ ಸಿಕ್ಕಿತು ಅಂತ ಹುಡುಗನ ಭಯ ಹೋಗುವುದಿಲ್ಲ. ಅವನಿಗೆ ಬೇಕಾಗಿದ್ದು ‘ಇದು ಎಲ್ಲರಿಗೂ ಆಗುತ್ತೆ ಕಣೋ, ಇದರಿಂದ ಶಕ್ತಿ ಹೋಗಲ್ಲ, ಬುದ್ಧಿ ಕೆಡಲ್ಲ, ಒಬ್ಬೊಬ್ಬರ ಮೈ ಒಂದೊಂದು ಥರ’ ಅನ್ನುವ ನಾಲ್ಕು ಮಾತು. ಇಡೀ ಚಿತ್ರದಲ್ಲಿ ಮಗನಿಗಿಂತ ಅಪ್ಪನ ಮಾತೇ ಹೆಚ್ಚು. ಇದಕ್ಕೆಲ್ಲ ಕಲಶವಿಟ್ಟಂತೆ, ಭಾರತದ ಸೆನ್ಸಾರ್ ಮಂಡಳಿ ಹಲವು ಬದಲಾವಣೆ ಮಾಡಿಸಿ ಚಿತ್ರಕ್ಕೆ ‘ಎ’ ಪ್ರಮಾಣಪತ್ರ ಕೊಟ್ಟಿತು. ಅಂದರೆ ವಿವೇಕ್‌ನ ವಯಸ್ಸಿನ ಹುಡುಗ ಆ ದೇಶದ ಥಿಯೇಟರಿನಲ್ಲಿ ತನ್ನದೇ ಕಥೆ ನೋಡುವ ಹಾಗಿಲ್ಲ. ಇದಕ್ಕೆ ಸಿನಿಮಾ ಮಾಡಿದವರನ್ನು ದೂರುವಂತಿಲ್ಲ. ಆದರೂ ಫಲ ಒಂದೇ, ಮಕ್ಕಳ ಬಗ್ಗೆ ದೊಡ್ಡವರು ದೊಡ್ಡವರಿಗೆ ಹೇಳಿಕೊಂಡದ್ದಾಯಿತು.

ಹೀಗೆ ನೋಡಿದರೆ ಎರಡೂ ಸಿನಿಮಾ ಒಂದೇ ಜಾಗದಲ್ಲಿ ನಿಲ್ಲುತ್ತವೆ. ಒಂದರಲ್ಲಿ ಅಮ್ಮ ಪ್ಯಾಡು ತಂದಳು, ಇನ್ನೊಂದರಲ್ಲಿ ಅಪ್ಪ ಲಾಯರಾದ. ಇಬ್ಬರೂ ಮಕ್ಕಳಿಗಾಗಿ ಬಹಳ ಮಾಡಿದರು. ‘ನಿನಗೇನಾಗ್ತಿದೆ, ಹೇಳು’ ಅಂತ ಕೂತು ಕೇಳಲು ಮಾತ್ರ ಇಬ್ಬರಿಗೂ ತುಂಬಾ ತಡವಾಯಿತು.

ಈಗ ಆ ಮೂರು ವರ್ಷದ ಮಾತು. ಹೋದ ಚಳಿಗಾಲದ ಒಂದು ಬೆಳಗ್ಗೆ, ಇನ್ನೂ ಕತ್ತಲೆ, ಬೇಸ್‌ಮೆಂಟಿನಲ್ಲಿ ವಾಷಿಂಗ್ ಮಷೀನ್ ಸದ್ದು. ಹೋಗಿ ನೋಡಿದರೆ ಮಗ ಬರಿಗಾಲಲ್ಲಿ ನಿಂತಿದ್ದಾನೆ, ಒಳಗೆ ಅವನ ಹಾಸಿಗೆಯ ಬೆಡ್‌ಶೀಟು ತಿರುಗುತ್ತಿದೆ. ‘ಏನೋ ಇಷ್ಟೊತ್ತಿಗೆ?’ ಅಂದೆ. ‘ಜ್ಯೂಸ್ ಚೆಲ್ತು’ ಅಂದ. ಹತ್ತನೇ ವಯಸ್ಸಿನಲ್ಲಿ ಎಲ್ಲರೆದುರು ಪ್ರಶ್ನೆ ಕೇಳಿದ ಹುಡುಗ, ಹದಿಮೂರಕ್ಕೆ ಸುಳ್ಳು ಹೇಳಲು ಕಲಿತಿದ್ದ. ಅವನಿಗೆ ಕಲಿಸಿದವನು ನಾನೇ. ಈ ಮನೆಯಲ್ಲಿ ಇಂಥದ್ದನ್ನು ಕೇಳಿದರೆ ಅಪ್ಪ ನೀರು ತರಲು ಹೋಗುತ್ತಾನೆ ಅಂತ.

ನಾನು ಮೆಟ್ಟಿಲ ಮೇಲೆ ಕೂತೆ. ನನಗೆ ಸರಿಯಾದ ಪದ ಸಿಗಲಿಲ್ಲ, ಬಸ್ ಸ್ಟ್ಯಾಂಡಿನ ಗೋಡೆಯ ಕಥೆ ಹೇಳಿದೆ. ನಿನ್ನ ವಯಸ್ಸಲ್ಲಿ ನಾನೂ ಕದ್ದು ಬಟ್ಟೆ ಒಗೆದಿದ್ದೆ, ಆದರೆ ಆಗ ಮಷೀನ್ ಇರಲಿಲ್ಲ, ಬಾವಿಕಟ್ಟೆ ಇತ್ತು ಅಂದೆ. ಅವನು ನಗಲಿಲ್ಲ. ಮಷೀನ್ ನೋಡುತ್ತಾ, ‘ಎಲ್ಲರಿಗೂ ಆಗುತ್ತಾ?’ ಅಂದ. ‘ಬಹಳ ಜನಕ್ಕೆ ಆಗುತ್ತೆ, ಕೆಲವರಿಗೆ ಆಗಲ್ಲ, ಎರಡೂ ಸರಿ’ ಅಂದೆ. ‘ಓಕೆ’ ಅಂದ. ಅಷ್ಟೇ ನಡೆದದ್ದು. ಆಮೇಲೆ ಶಾಲೆಯಿಂದ ಎಚ್‌ಪಿವಿ ಲಸಿಕೆಯ ಕಾಗದ ಬಂದಾಗ, ಇಲ್ಲಿ ಏಳನೇ ತರಗತಿಯಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಕೊಡುತ್ತಾರೆ, ‘ಇದು ಯಾತಕ್ಕೆ?’ ಅಂತ ಅವನೇ ತಂದು ಕೇಳಿದ. ಈ ಸಲ ನಾನು ಎದ್ದು ಹೋಗಲಿಲ್ಲ. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದನ್ನು ಇಬ್ಬರೂ ಕೂತು ಓದಿದೆವು.

ಹಾಗಾದರೆ ಈ ಸಿನಿಮಾಗಳನ್ನು ನೋಡಬೇಕಾ? ನೋಡಿ. ‘ಟರ್ನಿಂಗ್ ರೆಡ್’ ಅನ್ನು ಹೆಣ್ಣುಮಕ್ಕಳ ಜೊತೆ ಮಾತ್ರವಲ್ಲ, ಗಂಡುಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಬಚ್ಚಲಿನ ದೃಶ್ಯ ಬಂದಾಗ ಯಾರೂ ಏಳಬೇಡಿ. ‘ಓಎಂಜಿ 2’ ಅನ್ನು ಮೊದಲು ದೊಡ್ಡವರು ನೋಡಿ, ಆತ್ಮಹತ್ಯೆಯ ಯತ್ನದ ದೃಶ್ಯವಿದೆ, ಆಮೇಲೆ ನಿಮ್ಮ ಮಗನಿಗೆ ಯಾವಾಗ ತೋರಿಸುವುದು ಅಂತ ನೀವೇ ತೀರ್ಮಾನಿಸಿ. ಸಿನಿಮಾ ಮುಗಿದ ಮೇಲೆ ಭಾಷಣ ಬೇಡ.

ಕಿರಿಯರೇ, ನಿಮಗೂ ಒಂದು ಮಾತು. ನಿಮ್ಮ ಅಪ್ಪ ಅಮ್ಮ ಎದ್ದು ಹೋದರೆ ಅದು ನಿಮ್ಮ ಮೇಲಿನ ಕೋಪವಲ್ಲ, ಅವರ ಬಾಯಲ್ಲಿ ಪದ ಇಲ್ಲ ಅಷ್ಟೇ. ಇನ್ನೊಂದು ಸಲ ಕೇಳಿ. ಇಂಗ್ಲಿಷಿನಲ್ಲೇ ಕೇಳಿ, ಪರವಾಗಿಲ್ಲ. ಉತ್ತರ ತಡವರಿಸುತ್ತಾ ಕನ್ನಡದಲ್ಲಿ ಬರಬಹುದು, ಆಗ ಸ್ವಲ್ಪ ಹೊತ್ತು ಕಾಯಿರಿ.